ಫರ್ನಾಂಡೊ ರೇ: ಮೊದಲು ದನಿ, ಆಮೇಲೆ ಮುಖ

ನ್ಯೂಯಾರ್ಕಿನ ಸುರಂಗ ರೈಲಿನ ನಿಲ್ದಾಣ. ಒಳ್ಳೆಯ ಕೋಟು ತೊಟ್ಟ, ಗಡ್ಡವನ್ನು ಒಪ್ಪವಾಗಿ ಕತ್ತರಿಸಿಕೊಂಡ ಹಿರಿಯ ಗೃಹಸ್ಥನೊಬ್ಬ ಕೊಡೆ ಹಿಡಿದು ರೈಲು ಹತ್ತುತ್ತಾನೆ. ಅವನ ಬೆನ್ನು ಬಿದ್ದಿರುವ ಪೊಲೀಸಿನವನೂ ಹತ್ತುತ್ತಾನೆ. ಗೃಹಸ್ಥ ಇಳಿದರೆ ಇವನೂ ಇಳಿಯುತ್ತಾನೆ. ಏನೂ ಆಗಿಲ್ಲವೆಂಬಂತೆ ಇಬ್ಬರೂ ಪ್ಲಾಟ್‌ಫಾರ್ಮಿನ ಮೇಲೆ ಅತ್ತಿತ್ತ ನೋಡುತ್ತ ನಿಲ್ಲುತ್ತಾರೆ. ಕೊನೆಗೆ ಬಾಗಿಲು ಮುಚ್ಚಿಕೊಳ್ಳುವ ಕ್ಷಣದಲ್ಲಿ ಗೃಹಸ್ಥ ಕೊಡೆಯನ್ನು ಅಡ್ಡ ಹಿಡಿದು ಒಳಗೆ ಸೇರಿಕೊಳ್ಳುತ್ತಾನೆ. ಪೊಲೀಸಿನವ ಹೊರಗೇ ಉಳಿಯುತ್ತಾನೆ. ರೈಲು ಚಲಿಸಿದಾಗ ಗಾಜಿನಾಚೆಯಿಂದ ಒಂದು ಸಣ್ಣ ನಗು, ಬೆರಳುಗಳನ್ನಷ್ಟೇ ಅಲ್ಲಾಡಿಸಿ ಒಂದು ವಿದಾಯ.

ವಿಲಿಯಂ ಫ್ರೀಡ್ಕಿನ್ ನಿರ್ದೇಶಿಸಿದ 1971ರ 'ದಿ ಫ್ರೆಂಚ್ ಕನೆಕ್ಷನ್' ಚಿತ್ರದ ದೃಶ್ಯ ಇದು. ಪೊಲೀಸಿನವನ ಪಾತ್ರ ಜೀನ್ ಹ್ಯಾಕ್‌ಮನ್ ಅವರದು. ಮಾರ್ಸೇಲಿನಿಂದ ಹೆರಾಯಿನ್ ಸಾಗಿಸುವ ಅಲೈನ್ ಶಾರ್ನಿಯೆ ಎಂಬ ಆ ಗೃಹಸ್ಥ ಸ್ಪೇನಿನ ನಟ ಫರ್ನಾಂಡೊ ರೇ. ಅತ್ಯುತ್ತಮ ಚಿತ್ರವೂ ಸೇರಿ ಐದು ಆಸ್ಕರ್ ಗೆದ್ದ ಈ ಚಿತ್ರ ರೇ ಅವರ ಮುಖವನ್ನು ಜಗತ್ತಿಗೆಲ್ಲ ಪರಿಚಯಿಸಿತು. ಆಗ ಅವರಿಗೆ ಐವತ್ತು ದಾಟಿತ್ತು.

ಈ ಪಾತ್ರ ಅವರಿಗೆ ಸಿಕ್ಕಿದ್ದು ಒಂದು ಗೊಂದಲದಿಂದ. ಫ್ರೀಡ್ಕಿನ್ ಇದನ್ನು ಹಲವು ಸಲ ಹೇಳಿಕೊಂಡಿದ್ದಾರೆ. ಸ್ಪೇನಿನ ನಿರ್ದೇಶಕ ಲೂಯಿಸ್ ಬುನ್ಯುಯೆಲ್ ಅವರ 1967ರ 'ಬೆಲ್ ದ ಜೂರ್' ಚಿತ್ರದಲ್ಲಿ ಒಬ್ಬ ಸ್ಪ್ಯಾನಿಷ್ ನಟನನ್ನು ಕಂಡು, ಒರಟು ಮುಖದ ಆತನೇ ತನ್ನ ಚಿತ್ರದ ಖಳನಾಗಬೇಕೆಂದು ಅವರು ಬಯಸಿದ್ದರು. ಹೆಸರು ನೆನಪಿರಲಿಲ್ಲ. ನಟರನ್ನು ಗೊತ್ತುಮಾಡುವವರು ಬುನ್ಯುಯೆಲ್ ಚಿತ್ರಗಳ ಸ್ಪ್ಯಾನಿಷ್ ನಟನೆಂದರೆ ಫರ್ನಾಂಡೊ ರೇ ಎಂದುಕೊಂಡು ಅವರನ್ನು ಕರೆಸಿದರು. ಫ್ರೀಡ್ಕಿನ್ ಕಂಡಿದ್ದ ನಟ ಫ್ರಾನ್ಸಿಸ್ಕೊ ರಬಾಲ್. ವಿಮಾನ ನಿಲ್ದಾಣದಲ್ಲಿ ರೇ ಅವರನ್ನು ಎದುರುಗೊಂಡಾಗಲೇ ತಪ್ಪು ಬಯಲಾದದ್ದು. ರಬಾಲ್‌ಗೆ ಇಂಗ್ಲಿಷ್ ಬರುವುದಿಲ್ಲವೆಂದು ತಿಳಿದ ಮೇಲೆ ರೇ ಅವರನ್ನೇ ಉಳಿಸಿಕೊಂಡರು.

ಸಿನಿಮಾದವರು ಇದನ್ನು ಅದೃಷ್ಟದ ಕಥೆಯಾಗಿ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಶಾರ್ನಿಯೆಯನ್ನು ಆ ಪೊಲೀಸಿನವನ ಕೈಗೆ ಸಿಗದಂತೆ ಮಾಡುವುದು ಅವನ ಸಭ್ಯತೆ. ಎದುರಿಗಿರುವವನು ಎಷ್ಟೇ ಕೂಗಾಡಲಿ, ದನಿ ಎತ್ತದೆ, ಅವಸರಪಡದೆ, ಯಾವುದನ್ನೂ ಬಿಟ್ಟುಕೊಡದೆ ಇರುವ ಆ ಗತ್ತು ಒಂದು ದಿನದಲ್ಲಿ ಬರುವಂಥದ್ದಲ್ಲ. ಬಾಯಿ ಬಿಟ್ಟರೆ ಕಷ್ಟ ಎನ್ನುವ ದೇಶದಲ್ಲಿ ಮೂವತ್ತು ವರ್ಷ ದುಡಿದ ನಟ ಅದನ್ನು ರೂಢಿಸಿಕೊಂಡಿದ್ದರು. ರೇ ಅವರ ಬದುಕು ಅರ್ಥವಾಗಬೇಕಾದರೆ ಅವರ ಮುಖಕ್ಕಿಂತ ಮೊದಲು ಅವರ ದನಿಯ ಹಿಂದೆ ಹೋಗಬೇಕು. ಆ ದನಿಯ ಹಿಂದೆ ಹೋದರೆ ಸರ್ವಾಧಿಕಾರಿ ಫ್ರಾಂಕೊ ಕಾಲದ ಸ್ಪೇನಿನಲ್ಲಿ ಸಿನಿಮಾ ಹೇಗೆ ನಡೆಯುತ್ತಿತ್ತು ಎಂಬುದೂ ತಿಳಿಯುತ್ತದೆ.

ಅವರು ಹುಟ್ಟಿದ್ದು 1917ರ ಸೆಪ್ಟೆಂಬರ್ 20ರಂದು, ಸ್ಪೇನಿನ ವಾಯವ್ಯ ಮೂಲೆಯ ಗಲೀಸಿಯಾ ಪ್ರಾಂತ್ಯದ 'ಆ ಕೊರುನ್ಯ' ಎಂಬ ಬಂದರು ಊರಿನಲ್ಲಿ. ಹೆತ್ತವರಿಟ್ಟ ಹೆಸರು ಫರ್ನಾಂಡೊ ಕಸಾದೊ ಅರಂಬಿಯೆತ್. ತಂದೆ ಸೈನ್ಯದಲ್ಲಿ ಅಧಿಕಾರಿ. ಮಗ ಮ್ಯಾಡ್ರಿಡ್‌ನಲ್ಲಿ ವಾಸ್ತುಶಿಲ್ಪ ಓದಲು ಸೇರಿದ. 1936ರ ಜುಲೈಯಲ್ಲಿ ಸೈನ್ಯದ ಒಂದು ಭಾಗ ಚುನಾಯಿತ ಗಣರಾಜ್ಯ ಸರ್ಕಾರದ ವಿರುದ್ಧ ದಂಗೆ ಎದ್ದಿತು, ಅಂತರ್ಯುದ್ಧ ಶುರುವಾಯಿತು. ತಂದೆ ಗಣರಾಜ್ಯದ ಪರ ನಿಂತರು, ಮಗನೂ ಅದೇ ಪಕ್ಷದಲ್ಲಿ ಹೋರಾಡಿದ. 1939ರ ಏಪ್ರಿಲ್ 1ರಂದು ಯುದ್ಧ ಮುಗಿಯಿತು. ಗೆದ್ದವರು ಜನರಲ್ ಫ್ರಾಂಕೊ. ಸೋತವರ ಮನೆಗಳಲ್ಲಿ ಮುಂದೆ ಆದದ್ದೇ ಇವರ ಮನೆಯಲ್ಲೂ ಆಯಿತು: ತಂದೆಗೆ ಸೆರೆ, ಮಗನ ಓದು ಅರ್ಧಕ್ಕೆ ನಿಂತಿತು, ಹೊಟ್ಟೆಪಾಡಿಗೆ ಏನಾದರೊಂದು ಹುಡುಕಿಕೊಳ್ಳಬೇಕಾಯಿತು.

ಸಿಕ್ಕಿದ್ದು ಸಿನಿಮಾ. ಮೊದಲು ಗುಂಪಿನಲ್ಲಿ ಗೋವಿಂದ ಎನ್ನುವಂಥ ಎಕ್ಸ್‌ಟ್ರಾ ಪಾತ್ರಗಳು. ತಾಯಿಯ ಕಡೆಯ ಒಂದು ಹೆಸರನ್ನು ತೆಗೆದುಕೊಂಡು ಫರ್ನಾಂಡೊ ರೇ ಆದರು. 1944ರ 'ಎವ್ಹೇನಿಯ ದೆ ಮೊಂತಿಹೊ' ಚಿತ್ರದಲ್ಲಿ ಆಲ್ಬಾದ ಡ್ಯೂಕನಾಗಿ ಗಮನ ಸೆಳೆದರು. 1948ರ 'ಲೊಕುರಾ ದೆ ಅಮೋರ್' ಚಿತ್ರದಲ್ಲಿ ರಾಣಿ ಹುವಾನಾಳ ಗಂಡ, ಚೆಲುವ ಫಿಲಿಪ್. ಸೋತ ಪಕ್ಷದ ಯೋಧನ ಮಗ ತೆರೆಯ ಮೇಲೆ ಅರಸನಾದ. ಗೆದ್ದವರಿಗೆ ಇಂಥ ರಾಜ-ರಾಣಿಯರ ಚಿತ್ರಗಳು ಬಹಳ ಬೇಕಾಗಿದ್ದವು. ಪುರಾತನ ಸ್ಪೇನಿನ ವೈಭವ ತೋರಿಸಿದರೆ ಇಂದಿನ ಹಸಿವು ಮರೆಯುತ್ತದೆ ಎಂಬುದು ಅವರ ಲೆಕ್ಕ.

ತೆರೆಯ ಮೇಲಿನ ಈ ಕೆಲಸಕ್ಕಿಂತ ಹೆಚ್ಚು ನಿಯಮಿತವಾಗಿ ಅನ್ನ ಕೊಟ್ಟದ್ದು ತೆರೆಯ ಹಿಂದಿನದು. ಅದೇ ಡಬ್ಬಿಂಗ್.

ಇಲ್ಲಿ ಸ್ವಲ್ಪ ನಿಲ್ಲಬೇಕು. 1941ರ ಏಪ್ರಿಲ್‌ನಲ್ಲಿ ಸ್ಪೇನ್ ಸರ್ಕಾರ ಒಂದು ಆದೇಶ ಹೊರಡಿಸಿತು. ಸ್ಪ್ಯಾನಿಷ್ ಬಿಟ್ಟು ಬೇರೆ ಭಾಷೆಯಲ್ಲಿ ಚಿತ್ರ ತೋರಿಸುವಂತಿಲ್ಲ. ಹೊರಗಿನ ಚಿತ್ರ ಯಾವುದೇ ಆಗಲಿ, ಸ್ಪೇನಿನ ನೆಲದಲ್ಲಿ, ಸ್ಪೇನಿನ ಸ್ಟುಡಿಯೋದಲ್ಲಿ, ಅಲ್ಲಿನವರ ದನಿಯಲ್ಲೇ ಡಬ್ ಆಗಬೇಕು. ಇಟಲಿಯಲ್ಲಿ ಮುಸೊಲಿನಿ ಮಾಡಿದ್ದ ನಿಯಮದ ಪಡಿಯಚ್ಚು ಅದು. ಹೇಳಿಕೊಂಡ ಕಾರಣ ಭಾಷಾಭಿಮಾನ. ಆದರೆ ಡಬ್ಬಿಂಗ್ ಸೆನ್ಸಾರ್ ಅಧಿಕಾರಿಯ ಕೈಗೆ ಕತ್ತರಿಗಿಂತ ಹರಿತವಾದ ಆಯುಧವನ್ನು ಕೊಟ್ಟಿತು. ಕತ್ತರಿ ಹಾಕಿದರೆ ಪ್ರೇಕ್ಷಕನಿಗೆ ಎಲ್ಲೋ ಏನೋ ಹಾರಿದೆ ಎಂದು ತಿಳಿದುಬಿಡುತ್ತದೆ. ಮಾತನ್ನೇ ಬದಲಿಸಿದರೆ ತಿಳಿಯುವುದೇ ಇಲ್ಲ. 'ಕಾಸಾಬ್ಲಾಂಕಾ' ಚಿತ್ರದ ನಾಯಕ ಸ್ಪೇನಿನಲ್ಲಿ ಗಣರಾಜ್ಯದ ಪರ ಹೋರಾಡಿದ್ದ ಎಂಬ ಮಾತು ಸ್ಪೇನಿನ ತೆರೆಯ ಮೇಲೆ ಮಾಯವಾಯಿತು. 1953ರ 'ಮೊಗಾಂಬೊ' ಚಿತ್ರದ್ದಂತೂ ಇಂದಿಗೂ ಎಲ್ಲರೂ ನೆನೆಯುವ ಉದಾಹರಣೆ. ಮದುವೆಯಾದ ಹೆಂಗಸು ಪರಪುರುಷನನ್ನು ಪ್ರೀತಿಸುವುದನ್ನು ತೋರಿಸಬಾರದೆಂದು ಅಲ್ಲಿನ ಗಂಡ-ಹೆಂಡತಿಯನ್ನು ಡಬ್ಬಿಂಗ್‌ನಲ್ಲಿ ಅಣ್ಣ-ತಂಗಿ ಮಾಡಿದರು. ಒಂದೇ ಕೋಣೆಯಲ್ಲಿ ಗಂಡ-ಹೆಂಡತಿಯಂತೆ ಇರುವ ಅಣ್ಣ-ತಂಗಿಯನ್ನು ನೋಡಿ ಪ್ರೇಕ್ಷಕರಿಗೆ ಹೊಳೆದದ್ದು ಮೂಲಕ್ಕಿಂತ ದೊಡ್ಡ ಪಾಪ.

ಕಡ್ಡಾಯದ ಆದೇಶ ಕೆಲವೇ ವರ್ಷಗಳಲ್ಲಿ ಸಡಿಲವಾಯಿತು. ಅಷ್ಟರಲ್ಲಿ ಪ್ರೇಕ್ಷಕರಿಗೆ ಡಬ್ ಆದ ಚಿತ್ರವೇ ಅಭ್ಯಾಸವಾಗಿ ಹೋಗಿತ್ತು. ಪೆಟ್ಟು ಬಿದ್ದದ್ದು ಸ್ಪೇನಿನ ಚಿತ್ರೋದ್ಯಮಕ್ಕೇ. ಹಾಲಿವುಡ್ಡಿನ ತಾರೆಯರೆಲ್ಲ ಮನೆಮಾತಿನಲ್ಲೇ ಮಾತಾಡತೊಡಗಿದ ಮೇಲೆ ಸ್ಥಳೀಯ ಚಿತ್ರಕ್ಕೆ ಉಳಿದಿದ್ದ ಒಂದೇ ಅನುಕೂಲ, ಭಾಷೆಯ ಅನುಕೂಲ, ಕೈಬಿಟ್ಟು ಹೋಯಿತು. ಇದರ ಜೊತೆಗೆ ಸರ್ಕಾರ ಇನ್ನೊಂದು ಪದ್ಧತಿ ತಂದಿತು: ಸ್ಪ್ಯಾನಿಷ್ ಚಿತ್ರ ತೆಗೆದವರಿಗೆ, ಆ ಚಿತ್ರಕ್ಕೆ ಸರ್ಕಾರ ಕೊಟ್ಟ ದರ್ಜೆಗೆ ತಕ್ಕಂತೆ, ವಿದೇಶಿ ಚಿತ್ರ ತರಿಸಿ ಡಬ್ ಮಾಡುವ ಪರವಾನಗಿ ಸಿಗುತ್ತಿತ್ತು. ಲಾಭ ಇದ್ದದ್ದು ಪರವಾನಗಿಯಲ್ಲಿ. ಆದ್ದರಿಂದ ಎಷ್ಟೋ ನಿರ್ಮಾಪಕರು ಚಿತ್ರ ತೆಗೆಯುತ್ತಿದ್ದದ್ದೇ ಪರವಾನಗಿಗಾಗಿ, ಮತ್ತು ಅಧಿಕಾರಿಗಳು ಮೆಚ್ಚುವಂಥ ಕಥೆಯನ್ನೇ ಆರಿಸಿಕೊಳ್ಳುತ್ತಿದ್ದರು.

ಡಬ್ಬಿಂಗ್ ಎಂದ ಕೂಡಲೇ ಕನ್ನಡದ ಓದುಗರಿಗೆ ನಮ್ಮದೇ ಚರಿತ್ರೆ ನೆನಪಾಗುತ್ತದೆ. ಇಲ್ಲಿ 1960ರ ದಶಕದಿಂದ ದಶಕಗಳ ಕಾಲ ಡಬ್ಬಿಂಗ್‌ಗೆ ಬಾಗಿಲು ಮುಚ್ಚಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ತಡೆಯ ವಿರುದ್ಧ ಆದೇಶ ಕೊಟ್ಟಿತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ನಮ್ಮಲ್ಲಿ ತಡೆದು ನಿಂತದ್ದು ಉದ್ಯಮ ಮತ್ತು ಭಾಷಾ ಚಳವಳಿ, ಅಲ್ಲಿ ಹೇರಿದ್ದು ಸರ್ವಾಧಿಕಾರಿಯ ಸರ್ಕಾರ. ಆದರೂ ಡಬ್ಬಿಂಗ್ ಬಂದರೆ ನಮ್ಮ ಚಿತ್ರಕ್ಕೆ ಏನಾದೀತು ಎಂದು ಇಲ್ಲಿ ಹಿರಿಯರು ಪಟ್ಟ ಆತಂಕಕ್ಕೆ ಸ್ಪೇನಿನ ನಲವತ್ತರ ದಶಕದಲ್ಲಿ ಆಧಾರ ಸಿಗುತ್ತದೆ ಎಂಬುದನ್ನು ಹೇಳದೆ ಇರಲಾರೆ.

ರೇ ಈ ಕೆಲಸದಲ್ಲಿ ಪಳಗಿದರು. ಆ ಕಾಲದ ಡಬ್ಬಿಂಗ್ ಹೇಗಿತ್ತೆಂದರೆ, ಚಿತ್ರವನ್ನು ತುಂಡು ತುಂಡಾಗಿ ಕತ್ತರಿಸಿ, ಒಂದೊಂದು ತುಂಡಿನ ತುದಿಗೆ ತಲೆಯನ್ನು ಅಂಟಿಸಿ ಸುತ್ತು ಮಾಡುತ್ತಿದ್ದರು. ಕತ್ತಲ ಕೋಣೆಯಲ್ಲಿ ಅದೇ ಕೆಲವು ಕ್ಷಣಗಳ ದೃಶ್ಯ ಮತ್ತೆ ಮತ್ತೆ ತೆರೆಯ ಮೇಲೆ ಓಡುತ್ತಿರುತ್ತದೆ. ಮಾತಿನ ಹಾಳೆಯನ್ನು ಮುಂದಿಟ್ಟುಕೊಂಡು ಮೈಕಿನ ಎದುರು ನಿಂತ ನಟ, ತೆರೆಯ ಮೇಲಿನ ತುಟಿ ತೆರೆದಾಗ ತೆರೆದು, ಮುಚ್ಚಿದಾಗ ಮುಚ್ಚಿ, ಅವನ ಉಸಿರಿಗೆ ತನ್ನ ಉಸಿರು ಕೂಡಿಸಬೇಕು. ಕೈಕಾಲು, ಕಣ್ಣು, ನಡಿಗೆ ಯಾವುದೂ ನೆರವಿಗಿಲ್ಲ. ಇರುವುದೆಲ್ಲ ಗಂಟಲಲ್ಲೇ. ಲಾರೆನ್ಸ್ ಒಲಿವಿಯೆ ಅವರ 1948ರ 'ಹ್ಯಾಮ್ಲೆಟ್' ಸ್ಪೇನಿಗೆ ಬಂದಾಗ ಆ ರಾಜಕುಮಾರನ ದನಿಯಾದವರು ಫರ್ನಾಂಡೊ ರೇ. ಇನ್ನೊಬ್ಬ ದೊಡ್ಡ ನಟನ ಮುಖಭಾವವನ್ನು ಅಷ್ಟು ಹತ್ತಿರದಿಂದ, ಅಷ್ಟು ಸಲ ನೋಡಿ, ಯಾವ ಮಾತನ್ನು ಎಲ್ಲಿ ತಡೆದಿದ್ದಾನೆ ಎಂದು ಕಲಿಯಲು ಇದಕ್ಕಿಂತ ಒಳ್ಳೆಯ ಶಾಲೆ ಇರಲಾರದು. ಸ್ಪ್ಯಾನಿಷ್ ಚಿತ್ರಗಳ ಸದ್ದನ್ನು ಕೂಡ ಬಹುಮಟ್ಟಿಗೆ ಚಿತ್ರೀಕರಣವಾದ ಮೇಲೆ ಸ್ಟುಡಿಯೋದಲ್ಲೇ ಕೂಡಿಸುತ್ತಿದ್ದ ಕಾಲ ಅದು. ನಟಿಸಿದವರು ಒಬ್ಬರು, ಮಾತಾಡಿದವರು ಇನ್ನೊಬ್ಬರು ಆಗುವುದು ಮಾಮೂಲು.

ಹೀಗೆ ಮುಖವಿಲ್ಲದ ದನಿಯಾಗಿ ರೇ ಮಾಡಿದ ಅತ್ಯುತ್ತಮ ಕೆಲಸ 1953ರ 'ಬಿಯೆನ್‌ವೆನೀದೊ, ಮಿಸ್ಟರ್ ಮಾರ್ಷಲ್!'. ನಿರ್ದೇಶನ ಲೂಯಿಸ್ ಗಾರ್ಸಿಯಾ ಬೆರ್ಲಾಂಗಾ ಅವರದು. ಚಿತ್ರಕಥೆಯಲ್ಲಿ ಅವರ ಜೊತೆಗಿದ್ದವರು ಹುವಾನ್ ಅಂತೋನಿಯೊ ಬಾರ್ದೆಮ್. ಎರಡನೇ ಮಹಾಯುದ್ಧದ ನಂತರ ಯುರೋಪಿಗೆ ಅಮೆರಿಕ ಕೊಟ್ಟ ಮಾರ್ಷಲ್ ನೆರವು ಸ್ಪೇನಿಗೆ ಸಿಗಲಿಲ್ಲ. ಚಿತ್ರದಲ್ಲಿ ಒಂದು ಬಡ ಹಳ್ಳಿಗೆ ಅಮೆರಿಕದವರು ಬರುತ್ತಾರೆಂಬ ಸುದ್ದಿ ಬರುತ್ತದೆ. ಹಳ್ಳಿಯವರು ತಮ್ಮದಲ್ಲದ, ದಕ್ಷಿಣ ಸ್ಪೇನಿನ ಆಂದಲುಸಿಯಾದ ವೇಷ ತೊಟ್ಟು, ಮನೆಗಳ ಮುಂದೆ ಹೊಸ ಮುಖಗಳನ್ನು ಕಟ್ಟಿ, ಒಬ್ಬೊಬ್ಬರೂ ಏನು ಬೇಕೆಂದು ಸಾಲಾಗಿ ನಿಂತು ಬರೆಸುತ್ತಾರೆ. ಯಕ್ಷಗಾನದ ಭಾಗವತರ ಹಾಗೆ ಕಥೆಯನ್ನು ಹಿಡಿದು ನಡೆಸುವುದು ಕಾಣದ ಒಂದು ದನಿ. ಅದು ಚಿತ್ರವನ್ನು ನಡುವೆ ನಿಲ್ಲಿಸುತ್ತದೆ, ಇವನು ಯಾರು ಗೊತ್ತೇ ಎಂದು ಪರಿಚಯಿಸುತ್ತದೆ, ರಾತ್ರಿ ಅವರವರ ಕನಸಿನೊಳಗೂ ನಮ್ಮನ್ನು ಕರೆದೊಯ್ಯುತ್ತದೆ. ಒಬ್ಬ ರೈತನ ಕನಸಿನಲ್ಲಿ ವಿಮಾನದಿಂದ ಪ್ಯಾರಾಶೂಟ್ ಕಟ್ಟಿದ ಟ್ರ್ಯಾಕ್ಟರ್ ಹೊಲಕ್ಕೆ ಇಳಿಯುತ್ತದೆ. ಕೊನೆಗೆ ಅಮೆರಿಕದವರ ಕಾರುಗಳು ನಿಲ್ಲದೆ, ಧೂಳೆಬ್ಬಿಸಿ ಹಳ್ಳಿಯನ್ನು ದಾಟಿ ಹೋಗಿಬಿಡುತ್ತವೆ. ಮೋಸಹೋದ ಆ ಜನರ ಬಗ್ಗೆ ಆ ದನಿಯಲ್ಲಿ ಒಂದು ಹನಿ ತಿರಸ್ಕಾರವಿಲ್ಲ. ಅಷ್ಟು ಕಹಿ ಕಥೆಯನ್ನು ಅಕ್ಕರೆಯಿಂದ ಹೇಳಿದ್ದರಿಂದಲೇ ಅದು ಸೆನ್ಸಾರ್ ದಾಟಿ ಜನರನ್ನು ತಲುಪಿತು ಎಂದು ನನ್ನ ನಂಬಿಕೆ. ಎರಡು ವರ್ಷದ ನಂತರ ದೇಶವೆಲ್ಲ ನೋಡಿದ 'ಮಾರ್ಸೆಲೀನೊ ಪಾನ್ ಇ ವೀನೊ' ಚಿತ್ರದಲ್ಲೂ ಅವರದು ಕಥೆ ಹೇಳುವ ಸನ್ಯಾಸಿಯ ಪಾತ್ರ.

ಐವತ್ತರ ದಶಕದ ಕೊನೆಯಿಂದ ಸ್ಪೇನಿಗೆ ಹೊರಗಿನ ಕ್ಯಾಮೆರಾಗಳು ಬಂದವು. ಬಿಸಿಲು ಧಾರಾಳ, ಕೂಲಿ ಕಡಿಮೆ, ಕೋಟೆ-ಮರಳುಗಾಡು ಎರಡೂ ಇವೆ. ಅಲ್ಮೇರಿಯಾದ ಒಣಭೂಮಿ ಅಮೆರಿಕದ ಪಶ್ಚಿಮವಾಗಿ ವೇಷ ಹಾಕಿತು. ರೇ ಅವೆಲ್ಲದರಲ್ಲೂ ಇದ್ದಾರೆ: ಪಾಂಪೆಯ ಅರ್ಚಕ, ಕೌಬಾಯ್ ಚಿತ್ರಗಳ ಪಾದ್ರಿ, 1970ರ 'ಕಂಪಾನ್ಯೆರೋಸ್' ಚಿತ್ರದಲ್ಲಿ ಅಹಿಂಸೆ ಬೋಧಿಸುವ ಪ್ರೊಫೆಸರ್. ಈ ರಾಶಿಯಲ್ಲಿ ನಿಜವಾಗಿ ಎದ್ದು ನಿಲ್ಲುವುದು ಆರ್ಸನ್ ವೆಲ್ಸ್ ಸ್ಪೇನಿನಲ್ಲಿ ತೆಗೆದ 'ಚೈಮ್ಸ್ ಅಟ್ ಮಿಡ್‌ನೈಟ್'. ಅದರಲ್ಲಿ ರೇ ಅರಸನ ವಿರುದ್ಧ ಪಿತೂರಿ ಹೂಡುವ ವೂಸ್ಟರ್.

ಈಗ ಬುನ್ಯುಯೆಲ್. ಸ್ಪೇನಿನ ಅತಿ ದೊಡ್ಡ ನಿರ್ದೇಶಕ, ಅಂತರ್ಯುದ್ಧದ ನಂತರ ದೇಶಭ್ರಷ್ಟರಾಗಿ ಮೆಕ್ಸಿಕೋದಲ್ಲಿ ನೆಲೆಸಿದ್ದವರು. ಅವರು ಮರಳಿ ಬಂದು ಸ್ಪೇನಿನಲ್ಲಿ ಚಿತ್ರ ಮಾಡಲು ಒಪ್ಪಿದಾಗ ಗಡೀಪಾರಾಗಿದ್ದವರೇ ಅವರನ್ನು ಟೀಕಿಸಿದರು, ಸರ್ಕಾರ ತನ್ನ ಉದಾರತೆಯ ಸಾಕ್ಷಿ ಎಂದು ಬೀಗಿತು. ಆ ಚಿತ್ರ 1961ರ 'ವಿರಿದಿಯಾನಾ'. ಮಠ ಸೇರಲಿರುವ ವಿರಿದಿಯಾನಾ ಎಂಬ ಹುಡುಗಿ ಒಂದು ಸಲ ತನ್ನ ಮಾವ ದೊನ್ ಹೈಮೆಯ ಜಮೀನಿನ ಮನೆಗೆ ಬರುತ್ತಾಳೆ. ಮದುವೆಯ ರಾತ್ರಿಯೇ ಸತ್ತ ಅವನ ಹೆಂಡತಿಯ ಹೋಲಿಕೆ ಅವಳಲ್ಲಿದೆ. ಅವನು ಅವಳಿಗೆ ಆ ಮದುವೆಯ ಉಡುಪು ತೊಡಿಸುತ್ತಾನೆ, ಮಂಪರಿನ ಮದ್ದು ಬೆರೆಸಿ ಕುಡಿಸುತ್ತಾನೆ, ಕೊನೆಯ ಕ್ಷಣದಲ್ಲಿ ಹಿಂಜರಿಯುತ್ತಾನೆ. ಅವಳು ಹೊರಟುಹೋದ ಮೇಲೆ ನೇಣು ಹಾಕಿಕೊಳ್ಳುತ್ತಾನೆ. ಮನೆಯ ಕೆಲಸದವಳ ಪುಟ್ಟ ಮಗಳಿಗೆ ತಾನೇ ಕೊಟ್ಟಿದ್ದ ಕುಣಿಯುವ ಹಗ್ಗವೇ ಉರುಳು.

ಕಾಗದದ ಮೇಲೆ ಈ ದೊನ್ ಹೈಮೆ ಅಸಹ್ಯದ ಮನುಷ್ಯ. ರೇ ಅವನನ್ನು ಹೇಗೆ ತೋರಿಸುತ್ತಾರೆ ನೋಡಿ. ನೀರಿನ ತೊಟ್ಟಿಯಲ್ಲಿ ಬಿದ್ದು ಒದ್ದಾಡುವ ಜೇನುಹುಳವನ್ನು ಅವನು ಒಂದು ಕಡ್ಡಿಯಿಂದ ಮೆಲ್ಲಗೆ ಎತ್ತಿ ಉಳಿಸುತ್ತಾನೆ. ರಾತ್ರಿ ಒಬ್ಬನೇ ಕೂತು ಸತ್ತ ಹೆಂಡತಿಯ ಬಿಳಿ ಪಾದರಕ್ಷೆಯೊಳಗೆ ತನ್ನ ಪಾದ ತೂರಿಸಿ ನೋಡುತ್ತಾನೆ. ಸಾಯುವ ಮುಂಚೆ ಮೇಜಿನ ಮುಂದೆ ಕೂತು ಉಯಿಲು ಬರೆಯುವಾಗ ತುಟಿಯಂಚಿನಲ್ಲಿ ಒಂದು ನಗು ಸುಳಿಯುತ್ತದೆ. ಅವನ ಕೆಟ್ಟತನವನ್ನು ನಟ ಮುಚ್ಚಿಡುವುದಿಲ್ಲ, ಅವನ ಒಂಟಿತನವನ್ನೂ ಮುಚ್ಚಿಡುವುದಿಲ್ಲ. ಅವನು ಸತ್ತ ಮೇಲೆ ಆಸ್ತಿಗೆ ಬರುವ ಮಗ ಹೋರ್ಹೆಯ ಪಾತ್ರ ಮಾಡಿದವರು ಬೇರೆ ಯಾರೂ ಅಲ್ಲ, ಫ್ರಾನ್ಸಿಸ್ಕೊ ರಬಾಲ್. ಫ್ರೀಡ್ಕಿನ್ ತಂಡ ಅದಲುಬದಲು ಮಾಡಿಕೊಂಡ ಇಬ್ಬರೂ ಹತ್ತು ವರ್ಷ ಮೊದಲೇ ಒಂದೇ ಮನೆಯ ಅಪ್ಪ-ಮಗನಾಗಿದ್ದರು.

'ವಿರಿದಿಯಾನಾ' ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಅತ್ಯುನ್ನತ ಪ್ರಶಸ್ತಿಯನ್ನು ಹಂಚಿಕೊಂಡಿತು. ಸ್ಪೇನಿನ ಸಿನಿಮಾ ಇಲಾಖೆಯ ಮಹಾನಿರ್ದೇಶಕರೇ ವೇದಿಕೆಗೆ ಹೋಗಿ ಅದನ್ನು ಪಡೆದರು. ಬೆನ್ನಿಗೇ ವ್ಯಾಟಿಕನ್ನಿನ ಪತ್ರಿಕೆ ಚಿತ್ರವನ್ನು ಧರ್ಮನಿಂದೆ ಎಂದು ಖಂಡಿಸಿತು. ಆ ಅಧಿಕಾರಿಯ ಕುರ್ಚಿ ಹೋಯಿತು, ಚಿತ್ರಕ್ಕೆ ಸ್ಪೇನಿನಲ್ಲಿ ನಿಷೇಧ ಬಿತ್ತು. ಅಲ್ಲಿಯವರೆಗಿನ ತಮ್ಮ ಅತಿ ದೊಡ್ಡ ಪಾತ್ರವನ್ನು ತಮ್ಮ ಊರಿನವರು ನೋಡುವಂತಿಲ್ಲ ಎಂಬ ಸ್ಥಿತಿಯಲ್ಲಿ ರೇ ಹದಿನಾರು ವರ್ಷ ಬಾಳಿದರು.

ನನ್ನ ಮಟ್ಟಿಗೆ ಅವರ ಶಿಖರ 1970ರ 'ತ್ರಿಸ್ತಾನಾ'. ಬೆನಿತೊ ಪೆರೆಸ್ ಗಾಲ್ದೋಸ್ ಅವರ ಕಾದಂಬರಿಯನ್ನು ಬುನ್ಯುಯೆಲ್ ಬಹಳ ವರ್ಷಗಳಿಂದ ಚಿತ್ರ ಮಾಡಬೇಕೆಂದಿದ್ದರು, ಅನುಮತಿ ಸಿಕ್ಕಿರಲಿಲ್ಲ. ಕೊನೆಗೆ ತೊಲೆದೊ ನಗರದ ಇಕ್ಕಟ್ಟು ಕಲ್ಲುಬೀದಿಗಳಲ್ಲಿ ಅದು ಚಿತ್ರವಾಯಿತು. ರೇ ಅವರದು ದೊನ್ ಲೋಪೆಯ ಪಾತ್ರ. ಹಳೆಯ ಮನೆತನದವನು, ಆಸ್ತಿ ಕರಗುತ್ತಿದೆ, ಮಾನ ಮಾತ್ರ ಕರಗಿಲ್ಲ. ಪಾದ್ರಿಗಳನ್ನು ಕಂಡರೆ ಆಗದು, ಪೊಲೀಸರನ್ನು ಕಂಡರೆ ಆಗದು. ಕಳ್ಳನೊಬ್ಬ ಓಡಿಹೋಗುವಾಗ ಬೆನ್ನಟ್ಟಿದವರಿಗೆ ಬೇಕೆಂದೇ ತಪ್ಪು ದಾರಿ ತೋರಿಸಿ, ದುರ್ಬಲನ ಪರ ನಿಂತೆ ಎಂದುಕೊಳ್ಳುತ್ತಾನೆ. ಇಂಥ ನ್ಯಾಯನಿಷ್ಠ ತನ್ನ ಆಶ್ರಯಕ್ಕೆ ಬಂದ ಅನಾಥ ಹುಡುಗಿಯನ್ನೇ ಹಾಸಿಗೆಗೆ ಎಳೆದುಕೊಳ್ಳುತ್ತಾನೆ. ನಾನು ನಿನ್ನ ತಂದೆಯೂ ಹೌದು, ಗಂಡನೂ ಹೌದು, ಯಾವಾಗ ಯಾವುದೆಂದು ನಿರ್ಧರಿಸುವವನು ನಾನೇ ಎಂಬುದು ಅವನ ಧೋರಣೆ. ಸ್ವಾತಂತ್ರ್ಯದ ಬಗ್ಗೆ ಅವನಿಂದಲೇ ಪಾಠ ಕೇಳಿದ ತ್ರಿಸ್ತಾನಾ ಒಬ್ಬ ಚಿತ್ರಕಾರನ ಜೊತೆ ಹೊರಟುಹೋಗುತ್ತಾಳೆ. ಕಾಯಿಲೆ ಬಿದ್ದು ಮರಳಿ ಬರುತ್ತಾಳೆ, ಕಾಲು ಕಳೆದುಕೊಳ್ಳುತ್ತಾಳೆ, ಅವನನ್ನೇ ಮದುವೆಯಾಗುತ್ತಾಳೆ. ಈಗ ಮನೆಯ ಯಜಮಾನಿಕೆ ಅವಳದು.

ಕೊನೆಯ ಹೊತ್ತಿನ ಒಂದು ದೃಶ್ಯದಲ್ಲಿ ಹೊರಗೆ ಹಿಮ ಸುರಿಯುತ್ತಿದೆ. ಬೆಚ್ಚಗಿನ ಕೋಣೆಯಲ್ಲಿ ಮುದಿ ದೊನ್ ಲೋಪೆ ಮೂವರು ಪಾದ್ರಿಗಳ ಜೊತೆ ಕೂತು ಬಿಸಿ ಚಾಕೊಲೇಟ್ ಕುಡಿಯುತ್ತಿದ್ದಾನೆ. ಬದುಕಿಡೀ ಯಾರನ್ನು ಹೊಸಿಲು ದಾಟಿಸಬಾರದೆಂದಿದ್ದನೋ ಅವರನ್ನೇ ಉಪಚರಿಸುತ್ತಾನೆ, ಹೊರಗೆ ಚಳಿ ಎಷ್ಟಿದ್ದರೇನು, ಒಳಗೆ ಹಾಯಾಗಿದೆ ಎಂಬ ತೃಪ್ತಿ ಮುಖದಲ್ಲಿದೆ. ಪಕ್ಕದ ಕಾರಿಡಾರಿನಲ್ಲಿ ತ್ರಿಸ್ತಾನಾ ಊರುಗೋಲು ಕುಟ್ಟುತ್ತ ಹಿಂದೆ ಮುಂದೆ ನಡೆಯುವ ಸದ್ದು. ಆ ರಾತ್ರಿ ಅವನಿಗೆ ಹೃದಯಾಘಾತವಾದಾಗ ಅವಳು ವೈದ್ಯರಿಗೆ ಫೋನ್ ಮಾಡಿದಂತೆ ನಟಿಸಿ, ಕಿಟಕಿ ತೆರೆದು ಚಳಿಯನ್ನು ಒಳಗೆ ಬಿಡುತ್ತಾಳೆ.

ತ್ರಿಸ್ತಾನಾ ಪಾತ್ರದ ಕ್ಯಾಥರಿನ್ ದೆನ್ಯೂವ್ ಫ್ರೆಂಚ್ ನಟಿ, ಚಿತ್ರಕಾರನ ಪಾತ್ರದ ಫ್ರಾಂಕೊ ನೀರೊ ಇಟಲಿಯವರು. ಸ್ಪ್ಯಾನಿಷ್ ಆವೃತ್ತಿಯಲ್ಲಿ ಇಬ್ಬರದೂ ಬೇರೆಯವರ ದನಿ. ಮೂವರು ಮುಖ್ಯ ನಟರಲ್ಲಿ ಮುಖ-ಮಾತು ಎರಡೂ ಒಬ್ಬನದೇ ಆಗಿರುವುದು ರೇ ಅವರಲ್ಲಿ ಮಾತ್ರ. ದೊನ್ ಲೋಪೆ ಮನೆ ತುಂಬ ಮಾತಾಡುವವನು, ಉಳಿದವರನ್ನು ಮಾತಿನಿಂದಲೇ ಕಟ್ಟಿಹಾಕುವವನು. ಆ ದನಿಯ ತೂಕ ವರ್ಷ ಕಳೆದಂತೆ ಇಳಿಯುತ್ತ ಹೋಗಿ ಕೊನೆಗೆ ಮುದುಕನ ಗೊಣಗಾಟವಾಗುವುದನ್ನು ಕಿವಿಯಲ್ಲೇ ಹಿಡಿಯಬಹುದು. ಈ ಚಿತ್ರವನ್ನು ಅನ್ಯಭಾಷೆಯ ಡಬ್ಬಿಂಗ್‌ನಲ್ಲಿ ನೋಡಬೇಡಿ, ಸ್ಪ್ಯಾನಿಷ್‌ನಲ್ಲೇ ನೋಡಿ ಎಂದು ಸಿಕ್ಕಿದವರಿಗೆಲ್ಲ ಹೇಳುತ್ತೇನೆ.

ದೊನ್ ಲೋಪೆ ಆದ ಮರುವರ್ಷವೇ ಶಾರ್ನಿಯೆ. ಅದೇ ಗಡ್ಡ, ಅದೇ ಗತ್ತು. ಅದರ ಮರುವರ್ಷ, 1972ರಲ್ಲಿ, ಬುನ್ಯುಯೆಲ್ ಫ್ರಾನ್ಸಿನಲ್ಲಿ ತೆಗೆದ 'ದಿ ಡಿಸ್ಕ್ರೀಟ್ ಚಾರ್ಮ್ ಆಫ್ ದಿ ಬೂರ್ಜ್ವಾಸಿ'. ಊಟಕ್ಕೆ ಕೂರಲು ಹೊರಟ ಸಿರಿವಂತರಿಗೆ ಪ್ರತಿ ಸಲವೂ ಏನಾದರೊಂದು ಅಡ್ಡಿಯಾಗಿ ಊಟವೇ ಆಗದ ಕಥೆ. ರೇ ಇಲ್ಲಿ ಒಂದು ಕಲ್ಪಿತ ದೇಶದ ರಾಯಭಾರಿ, ರಾಜತಾಂತ್ರಿಕ ಚೀಲದಲ್ಲಿ ಕೊಕೇನ್ ಸಾಗಿಸುವವನು. ಬಂದೂಕಿನವರು ನುಗ್ಗಿದಾಗ ಮೇಜಿನ ಕೆಳಗೆ ಅವಿತವನು, ಪ್ರಾಣ ಹೋಗುವ ಹೊತ್ತಿನಲ್ಲೂ ಕೈ ಮೇಲೆ ಚಾಚಿ ತಟ್ಟೆಯ ಮಾಂಸದ ತುಂಡಿಗೆ ತಡಕಾಡುತ್ತಾನೆ. ವಿದೇಶಿ ಭಾಷಾ ಚಿತ್ರದ ಆಸ್ಕರ್ ಇದಕ್ಕೆ ಬಂತು. 1975ರಲ್ಲಿ ಲೀನಾ ವರ್ಟ್‌ಮ್ಯುಲರ್ ಅವರ 'ಸೆವೆನ್ ಬ್ಯೂಟೀಸ್' ಚಿತ್ರದಲ್ಲಿ ಅವರು ನಾಜಿ ಶಿಬಿರದೊಳಗಿನ ಪೆಡ್ರೊ ಎಂಬ ಅರಾಜಕತಾವಾದಿ ಕೈದಿ. ಗಣರಾಜ್ಯದ ಪರ ಹೋರಾಡಿ ಸೋತ ಸಾವಿರಾರು ಸ್ಪೇನಿನವರು ನಿಜಕ್ಕೂ ಅಂಥ ಶಿಬಿರಗಳಿಗೆ ಸೇರಿದ್ದರು. ತಮ್ಮ ಪಕ್ಷದವರ ಕಥೆಯನ್ನು ರೇ ಹೇಳಿದ್ದು ಒಂದು ಇಟಾಲಿಯನ್ ಚಿತ್ರದಲ್ಲಿ, ಫ್ರಾಂಕೊ ಕಣ್ಣುಮುಚ್ಚಿದ ವರ್ಷದಲ್ಲಿ.

ಇನ್ನು 1977. ಅವರ ಬದುಕಿನ ಎಳೆಗಳೆಲ್ಲ ಒಂದೇ ವರ್ಷದಲ್ಲಿ ಬಂದು ಸೇರಿದವು. ಸ್ಪೇನಿನಲ್ಲಿ ನಾಲ್ಕು ದಶಕಗಳ ನಂತರ ಮುಕ್ತ ಚುನಾವಣೆ ನಡೆಯಿತು. 'ವಿರಿದಿಯಾನಾ' ಅಲ್ಲಿನ ಚಿತ್ರಮಂದಿರ ಕಂಡಿತು. ವರ್ಷದ ಕೊನೆಗೆ ಸಿನಿಮಾ ಸೆನ್ಸಾರ್‌ಶಿಪ್ ರದ್ದಾಯಿತು. ಮೇ ತಿಂಗಳಲ್ಲಿ, ಕಾರ್ಲೋಸ್ ಸೌರಾ ನಿರ್ದೇಶನದ 'ಎಲೀಸಾ, ವಿದಾ ಮಿಯಾ' ಚಿತ್ರಕ್ಕಾಗಿ ರೇ ಕಾನ್ ಉತ್ಸವದ ಅತ್ಯುತ್ತಮ ನಟ ಎನಿಸಿದರು. ಆ ಚಿತ್ರದಲ್ಲಿ ಅವರು ಊರಾಚೆಯ ಒಂಟಿಮನೆಯಲ್ಲಿ ಬರೆಯುತ್ತ ಕೂತಿರುವ ವೃದ್ಧ. ಬಹಳ ವರ್ಷದ ಮೇಲೆ ಮಗಳು ನೋಡಲು ಬರುತ್ತಾಳೆ. ಚಿತ್ರ ಶುರುವಾಗುವುದು ರೇ ದನಿಯಲ್ಲಿ: ತಂದೆಯನ್ನು ನೋಡಿ ವರ್ಷಗಳಾಗಿದ್ದವು ಎಂದು. ಕೇಳುವವನಿಗೆ ಒಂದು ಕ್ಷಣ ತಬ್ಬಿಬ್ಬು. ಮಾತು ಮಗಳದು, ದನಿ ಅಪ್ಪನದು. ಅಪ್ಪ ಮಗಳಾಗಿ ನಿಂತು ತನ್ನ ಬಗ್ಗೆಯೇ ಬರೆಯುತ್ತಿದ್ದಾನೆ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕು. ಇನ್ನೊಬ್ಬರ ತುಟಿಗೆ ದನಿ ಕೊಟ್ಟು ಪಳಗಿದ ನಟನಿಗೆ ಇದಕ್ಕಿಂತ ಒಪ್ಪುವ ಪಾತ್ರವನ್ನು ಊಹಿಸಲಾರೆ.

ಅದೇ ವರ್ಷ ಬಂದದ್ದು ಬುನ್ಯುಯೆಲ್ ಅವರ ಕೊನೆಯ ಚಿತ್ರ 'ದಟ್ ಅಬ್ಸ್‌ಕ್ಯೂರ್ ಆಬ್ಜೆಕ್ಟ್ ಆಫ್ ಡಿಸೈರ್'. ಕೊಂಚೀತಾ ಎಂಬ ಹುಡುಗಿಯ ಬೆನ್ನು ಬಿದ್ದ ಸಿರಿವಂತ ಮಾತ್ಯೂ ಪಾತ್ರ ರೇ ಅವರದು. ಕೊಂಚೀತಾ ಒಬ್ಬಳೇ, ಆದರೆ ಕರೋಲ್ ಬೂಕೆ ಮತ್ತು ಆಂಹೆಲಾ ಮೊಲೀನಾ ಎಂಬ ಇಬ್ಬರು ನಟಿಯರು ಆ ಪಾತ್ರವನ್ನು ಹಂಚಿಕೊಂಡಿದ್ದಾರೆ. ಇಬ್ಬರಿಗೂ ಒಂದೇ ದನಿ. ರೇ ಅವರ ಫ್ರೆಂಚ್ ಮಾತುಗಳಿಗೆ ದನಿ ಕೊಟ್ಟವರು ಫ್ರಾನ್ಸಿನ ಹೆಸರಾಂತ ನಟ ಮಿಶೆಲ್ ಪಿಕೊಲಿ. ದನಿಯೇ ಮುಖ್ಯವಾದ ಪಾತ್ರಕ್ಕಾಗಿ ಕಾನ್‌ನಲ್ಲಿ ಮೆಚ್ಚುಗೆ ಪಡೆದ ವರ್ಷವೇ ಇನ್ನೊಂದು ದೊಡ್ಡ ಚಿತ್ರದಲ್ಲಿ ಅವರ ಮುಖವಿದೆ, ದನಿಯಿಲ್ಲ. ಅದನ್ನು ಕೊರತೆಯೆಂದು ನೋಡುವವರಿದ್ದಾರೆ. ನನಗೆ ಅಲ್ಲಿ ಕಾಣುವುದು ಬೇರೆ: ದನಿ ಕಿತ್ತುಕೊಂಡರೂ ಹುಬ್ಬು, ಕೈಗವಸು ಕಳಚುವ ರೀತಿ, ಅವಮಾನವಾದಾಗ ಕುತ್ತಿಗೆ ನೆಟ್ಟಗಾಗುವ ಪರಿ, ಇಷ್ಟರಲ್ಲೇ ಪಾತ್ರ ಪೂರ್ತಿ ನಿಂತಿದೆ. ಒಂದು ಕಾಲಕ್ಕೆ ಬರೀ ದನಿಯಲ್ಲಿ ದುಡಿದವರು ಈಗ ಬರೀ ದೇಹದಲ್ಲಿ ದುಡಿಯಬಲ್ಲವರಾಗಿದ್ದರು.

ಮುಂದಿನ ವರ್ಷಗಳಲ್ಲಿ ಹೊರದೇಶದ ಚಿತ್ರಗಳು ಬಹಳ, ನೆನಪಿನಲ್ಲಿ ಉಳಿಯುವವು ಕಡಿಮೆ. ಸ್ಪೇನಿನಲ್ಲಿ ಮಾತ್ರ ರೇ ಅವರಿಗೆ ತಕ್ಕ ಕೆಲಸವನ್ನು ನಿರ್ದೇಶಕ ಫ್ರಾನ್ಸಿಸ್ಕೊ ರೆಗೈರೊ ಕೊಟ್ಟರು. 1985ರ 'ಪಾದ್ರೆ ನುಯೆಸ್ತ್ರೊ' ಚಿತ್ರದಲ್ಲಿ ರೇ ಸಾವು ಸಮೀಪಿಸಿ ಹಳ್ಳಿಗೆ ಮರಳುವ ಕಾರ್ಡಿನಲ್. ದೇವರನ್ನು ನಂಬದ, ಊರಲ್ಲೇ ಉಳಿದ ವೈದ್ಯ ತಮ್ಮನಾಗಿ ಎದುರು ನಿಲ್ಲುವವರು ರಬಾಲ್. 'ವಿರಿದಿಯಾನಾ'ದಲ್ಲಿ ಒಬ್ಬರು ಸತ್ತ ಮೇಲೆ ಇನ್ನೊಬ್ಬರು ಬಂದಿದ್ದರು. ಇಲ್ಲಿ ಇಬ್ಬರೂ ಮುಖಾಮುಖಿ ಕೂತು ಮಾತಾಡುತ್ತಾರೆ. ಒಬ್ಬರದು ನಯಗೊಳಿಸಿದ ದನಿ, ಇನ್ನೊಬ್ಬರದು ಗಣಿ ಕೂಲಿಯ ಮಗನ ಒರಟು ಗಂಟಲು. ಇವರಿಬ್ಬರನ್ನು ಯಾರಾದರೂ ಹೇಗೆ ಗೊಂದಲ ಮಾಡಿಕೊಂಡರೋ ಎಂದು ಈ ಚಿತ್ರ ನೋಡಿದಾಗ ಅನ್ನಿಸದೆ ಇರದು. ರೆಗೈರೊ ಅವರದೇ 'ದಿಯಾರಿಯೊ ದೆ ಇನ್ವಿಯೆರ್ನೊ' ಚಿತ್ರಕ್ಕೆ ರೇ ಅತ್ಯುತ್ತಮ ನಟನೆಂದು ಸ್ಪೇನಿನ ಸಿನಿಮಾ ಪ್ರಶಸ್ತಿಯಾದ ಗೋಯಾ ಪಡೆದರು.

ಸ್ಪೇನಿನ ಸಾಮಾನ್ಯ ಜನರ ಮನಸ್ಸಿನಲ್ಲಿ ಅವರು ಉಳಿದಿರುವುದು ಇನ್ನೊಂದು ರೂಪದಲ್ಲಿ. ಸೆರ್ವಾಂಟಿಸ್‌ನ ಡಾನ್ ಕ್ವಿಕ್ಸೋಟ್ ಕಥೆಯ ಜೊತೆ ಅವರ ನಂಟು ಹಳೆಯದು. 1947ರ ಚಿತ್ರದಲ್ಲಿ ಅವರು ಕ್ವಿಕ್ಸೋಟನನ್ನು ಮನೆಗೆ ಮರಳಿಸಲು ಹೊರಡುವ ವಿದ್ಯಾವಂತ ಯುವಕ ಸಾನ್ಸೋನ್ ಕರಾಸ್ಕೊ. 1973ರಲ್ಲಿ ಮೆಕ್ಸಿಕೋದ ಹಾಸ್ಯನಟ ಕಂತಿನ್‌ಫ್ಲಾಸ್ ಕ್ವಿಕ್ಸೋಟನ ಸೇವಕ ಸಾಂಚೊ ಆದ ಚಿತ್ರದಲ್ಲಿ ಅವರೇ ಕ್ವಿಕ್ಸೋಟ್. ಆಮೇಲೆ ಸ್ಪ್ಯಾನಿಷ್ ಟೆಲಿವಿಷನ್‌ಗಾಗಿ ಮನುವೆಲ್ ಗುತಿಯೆರೆಸ್ ಅರಾಗೋನ್ ನಿರ್ದೇಶಿಸಿದ ಧಾರಾವಾಹಿ, 1992ರಲ್ಲಿ ಮನೆಮನೆಗೆ ಬಂದದ್ದು. ಅಲ್ಫ್ರೆದೊ ಲಾಂದಾ ಸಾಂಚೊ, ಎಪ್ಪತ್ತು ದಾಟಿದ ರೇ ಕ್ವಿಕ್ಸೋಟ್. ಕಾದಂಬರಿಯ ಕ್ವಿಕ್ಸೋಟನಿಗೆ ಐವತ್ತರ ಸುಮಾರು, ಇವರು ಅವನಿಗಿಂತ ಎಷ್ಟೋ ಹಿರಿಯರು. ಆದರೆ ಹುಚ್ಚು ಮಾತುಗಳನ್ನು ಪೂರ್ತಿ ವಿವೇಕದ ದನಿಯಲ್ಲಿ ಹೇಳಬಲ್ಲ ನಟ ಬೇಕಾಗಿತ್ತು. ಗಾಳಿಗಿರಣಿಗಳನ್ನು ರಾಕ್ಷಸರೆನ್ನುವಾಗ ರೇ ಕೂಗಾಡುವುದಿಲ್ಲ, ಅಡ್ಡಾದಿಡ್ಡಿ ಕಣ್ಣು ಹೊರಳಿಸುವುದಿಲ್ಲ. ಸಾಂಚೊಗೆ ತಾಳ್ಮೆಯಿಂದ ತಿಳಿಸಿ ಹೇಳುತ್ತಾರೆ, ಕೇಳುತ್ತಿದ್ದಂತೆ ತಪ್ಪಿರುವುದು ನಮ್ಮ ಕಣ್ಣೇ ಇರಬಹುದೇ ಎನ್ನಿಸುತ್ತದೆ.

ಆ ವರ್ಷವೇ ಅವರು ಸ್ಪೇನಿನ ಸಿನಿಮಾ ಅಕಾಡೆಮಿಯ ಅಧ್ಯಕ್ಷರಾದರು. ಗುಂಪಿನಲ್ಲಿ ನಿಂತು ಕೂಲಿ ಪಡೆದವರು, ಸೋತ ಪಕ್ಷದ ಅಧಿಕಾರಿಯ ಮಗ, ಇಡೀ ಉದ್ಯಮದ ಹಿರಿಯನ ಸ್ಥಾನದಲ್ಲಿ ಕೂತರು. ಕ್ಯಾನ್ಸರ್ ಹೆಚ್ಚು ಕಾಲ ಬಿಡಲಿಲ್ಲ. 1994ರ ಮಾರ್ಚ್ 9ರಂದು ಮ್ಯಾಡ್ರಿಡ್‌ನಲ್ಲಿ ತೀರಿಕೊಂಡಾಗ ಅವರಿಗೆ ಎಪ್ಪತ್ತಾರು. ಟೆಲಿವಿಷನ್ ಧಾರಾವಾಹಿ ಸೆರ್ವಾಂಟಿಸ್ ಕಾದಂಬರಿಯ ಮೊದಲ ಭಾಗವನ್ನಷ್ಟೇ ಮುಗಿಸಿತ್ತು. ಎರಡನೇ ಭಾಗವನ್ನು ಗುತಿಯೆರೆಸ್ ಅರಾಗೋನ್ 2002ರಲ್ಲಿ ಚಿತ್ರವಾಗಿ ತೆಗೆದರು. ಅಷ್ಟರಲ್ಲಿ ಕ್ವಿಕ್ಸೋಟನ ಪಾತ್ರ ಹುವಾನ್ ಲೂಯಿಸ್ ಗಲಿಯಾರ್ದೊ ಅವರಿಗೆ ಹೋಗಿತ್ತು.